ನಿಮಿಷಕ್ಕೆ ನಲವತ್ನಾಲ್ಕು

ದರ್ಜಿಯಮ್ಮನಿಗೆ ಎಪ್ಪತ್ತೊಂದು ನಡೆಯುತ್ತಿದ್ದಾಗ ಬಲಗಣ್ಣಿಗೆ ಪೊರೆ ಬಂತು. ಎಡಗಣ್ಣು ಮೊದಲಿಂದಲೂ ಮಂದ. ಸೂಜಿಗೆ ದಾರ ಪೋಣಿಸುವ ಕೆಲಸ ಸೊಸೆಯ ಪಾಲಾಯಿತು. ಆಮೇಲೆ ಬಟ್ಟೆಯ ಮೇಲೆ ತಾನೇ ಎಳೆದ ಸುಣ್ಣದ ಗೆರೆ ಕಾಣದಾಯಿತು. ಒಂದು ದಿನ ಶಾಲೆಯ ಟೀಚರಮ್ಮನ ಅಂಗಿಗೆ ಎಡದ ತೋಳನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹೊಲಿದುಬಿಟ್ಟಳು.

"ಏನಮ್ಮಾ, ಇದನ್ನ ಹಾಕ್ಕೊಂಡು ನಾನು ಹಿಂದಕ್ಕೆ ನಡೀಬೇಕಾ?" ಎಂದು ಟೀಚರಮ್ಮ ನಕ್ಕಳು. ನಕ್ಕವಳು ಹೋಗುವಾಗ ಹೊಲಿಯಲು ಕೊಟ್ಟಿದ್ದ ಇನ್ನೆರಡು ಬಟ್ಟೆಯನ್ನು ಸುಮ್ಮನೆ ಚೀಲಕ್ಕೆ ಹಾಕಿಕೊಂಡಳು. ದರ್ಜಿಯಮ್ಮನಿಗೆ ಆ ನಗುವಿಗಿಂತ ಚೀಲ ಚುಚ್ಚಿತು. ಕಣ್ಣು ಮಾಡಿಸಿಕೊಳ್ಳದಿದ್ದರೆ ಮೆಷಿನ್ನನ್ನು ಮುಚ್ಚಿ ಮೂಲೆಗಿಡುವುದೊಂದೇ ಬಾಕಿ.

ಕಣ್ಣಿನ ಆಸ್ಪತ್ರೆಯಲ್ಲಿ ನರ್ಸು ಮಣಿಕಟ್ಟು ಹಿಡಿದು ಗಡಿಯಾರ ನೋಡಿದಳು. ಇನ್ನೊಮ್ಮೆ ನೋಡಿದಳು. ಮತ್ತೊಬ್ಬ ನರ್ಸನ್ನು ಕರೆದಳು.

"ಅಜ್ಜಿ, ತಲೆ ಸುತ್ತುತ್ತಾ?"

"ನೀವಿಬ್ಬರೂ ಹಿಂಗೆ ಪಿಸುಗುಟ್ಟಿದ್ರೆ ಸುತ್ತುತ್ತೆ. ಇಲ್ದಿದ್ರೆ ಇಲ್ಲ."

ನಾಡಿ ನಿಮಿಷಕ್ಕೆ ನಲವತ್ನಾಲ್ಕು. ಎಪ್ಪತ್ತೆರಡರ ಹತ್ತಿರ ಇರಬೇಕಂತೆ. ಎದೆಯ ಡಾಕ್ಟರು ಚೀಟಿ ಬರೆದುಕೊಡದೆ ಕಣ್ಣು ಮುಟ್ಟುವುದಿಲ್ಲ ಎಂದರು ಕಣ್ಣಿನ ಡಾಕ್ಟರು. ಜೊತೆಗಿದ್ದ ಸೊಸೆ, "ಇವರು ದಿನಾ ಹಗ್ಗ ಹಾರ್ತಾರೆ ಸಾರ್" ಎಂದು ಚಾಡಿ ಹೇಳಿದಳು. ಡಾಕ್ಟರು ಕನ್ನಡಕ ತೆಗೆದು ಮುದುಕಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಈ ವಯಸ್ಸಲ್ಲಾ? ಇವತ್ತೇ ನಿಲ್ಲಿಸಿ."

ಅವಳು ಹಗ್ಗ ಹಿಡಿದದ್ದು ಹದಿನೆಂಟನೆಯ ವಯಸ್ಸಿನಲ್ಲಿ. ತಾಯಿಯೂ ದರ್ಜಿಯೇ. ಬೆಳಿಗ್ಗೆ ಕೂತರೆ ದೀಪ ಹಚ್ಚುವ ತನಕ ಏಳುತ್ತಿರಲಿಲ್ಲ, ಕಾಲು ಊದಿಕೊಂಡಿರುತ್ತಿತ್ತು. ಐವತ್ತೆರಡಕ್ಕೆ, ಒಂದು ಮಹಡಿ ಹತ್ತುವಷ್ಟರಲ್ಲಿ ಎದೆ ಹಿಡಿದು ಕೂತವಳು ಮತ್ತೆ ಏಳಲಿಲ್ಲ. ಮೆಷಿನ್ನು ಮಗಳಿಗೆ ಬಂತು. ಅದರ ಮುಂದೆ ಕೂರುವ ಮೊದಲು ಅವಳು ಮಾಳಿಗೆಗೆ ಹೋಗಿ ಬಟ್ಟೆ ಒಣಗಿಸುವ ಹಗ್ಗವನ್ನು ತನ್ನ ಅಳತೆಗೆ ಕತ್ತರಿಸಿಕೊಂಡಳು. ಅಂದಿನಿಂದ ಐವತ್ತಮೂರು ವರ್ಷ, ದಿನಕ್ಕೆ ನಲವತ್ತು ನಿಮಿಷ, ನೆಲದಿಂದ ಎರಡು ಬೆರಳಿಗಿಂತ ಎತ್ತರ ಹಾರದೆ. ಬಸುರಿ ಬಾಣಂತಿಯಾಗಿದ್ದಾಗ ಮಾತ್ರ ಹಗ್ಗ ಬಿಟ್ಟು ನಡೆದಿದ್ದಳು.

ಎದೆಯ ಡಾಕ್ಟರು ಸಿಗುವುದು ಇನ್ನು ಹದಿನೈದು ದಿನ ಕಳೆದ ಮೇಲೆ ಎಂದಾಯಿತು. ಸೊಸೆ ಹಗ್ಗವನ್ನು ಬಚ್ಚಿಟ್ಟಳು. ದರ್ಜಿಯಮ್ಮ ಮುಳ್ಳಿನ ಮೇಲೆ ಕೂತವಳಂತೆ ದಿನ ತಳ್ಳಿದಳು. ಬಾಗಿಲಿಗೂ ಕಿಟಕಿಗೂ ಅಲೆದಳು. ಆ ಕೋಣೆ ಉದ್ದಕ್ಕೆ ಹನ್ನೊಂದು ಹೆಜ್ಜೆ. ಮೆಷಿನ್ನಿಗೆ ಬಟ್ಟೆಯಿಲ್ಲದೆ ಬರಿದೇ ಕಾಲು ಆಡಿಸಿದಳು. ಊಟಕ್ಕೆ ಕೂತರೆ ತಟ್ಟೆಯ ಕೆಳಗೆ ಮೊಣಕಾಲು ಕುಣಿಯುತ್ತಿತ್ತು.

"ಅತ್ತೆ, ಒಂದು ಗಳಿಗೆ ಸುಮ್ನಿರಿ. ನನಗೇ ಎದೆ ಹೊಡ್ಕೊಳ್ಳುತ್ತೆ."

"ಹೊಡ್ಕೊಂಡ್ರೆ ಒಳ್ಳೇದೇ ಕಣೇ. ಸ್ವಲ್ಪ ನನಗೂ ಕೊಡು."

ಆರನೆಯ ದಿನ ಕೆಳಮನೆಯ ಕ್ಷೌರಿಕ ಮೇಲೆ ಬಂದ. ಇಪ್ಪತ್ತು ವರ್ಷ ತಲೆಯ ಮೇಲಿನ ಆ ದಬದಬ ಸದ್ದಿಗೆ ಬೈದಿದ್ದವನು. "ಏನಮ್ಮಾ, ಏನಾಯ್ತು? ನೀವು ಕುಣೀದೆ ನನಗೆ ಎಚ್ಚರಾನೇ ಆಗ್ತಿಲ್ಲ. ಗಿರಾಕಿಗಳು ಬಾಗಿಲು ಬಡಿದು ಎಬ್ಬಿಸ್ತಾರೆ."

ಅವಳು ನಗಲಿಲ್ಲ. ಅವಳ ತಲೆಯಲ್ಲಿ ಒಂದೇ ಲೆಕ್ಕ ಸುತ್ತುತ್ತಿತ್ತು. ಬೇಕಾದದ್ದು ಎಪ್ಪತ್ತೆರಡು, ಇರುವುದು ನಲವತ್ನಾಲ್ಕು, ಕಡಿಮೆ ಬಿದ್ದದ್ದು ಇಪ್ಪತ್ತೆಂಟು. ಬಟ್ಟೆ ಕಡಿಮೆ ಬಿದ್ದರೆ ಕಾಣದ ಹಾಗೆ ತುಂಡು ಸೇರಿಸಿ ಅಳತೆ ಕೂಡಿಸುವುದು ಅವಳ ಕೈಗೆ ಕೂತ ವಿದ್ಯೆ. ಇಲ್ಲೂ ಹಾಗೇ ಮಾಡಬಹುದೆಂದುಕೊಂಡಳು.

ಎದೆಯ ಡಾಕ್ಟರನ್ನು ಕಾಣುವ ದಿನ, ಆಸ್ಪತ್ರೆಯಲ್ಲಿ ಸೊಸೆಯನ್ನು ಬೆಂಚಿನ ಮೇಲೆ ಕೂರಿಸಿ, ಬಚ್ಚಲಿಗೆ ಹೋಗಿ ಬರುತ್ತೇನೆಂದು ಎದ್ದಳು. ನೇರ ಮೆಟ್ಟಿಲಿಗೆ ನಡೆದಳು. ನಾಲ್ಕು ಮಹಡಿ ಹತ್ತಿದಳು, ಇಳಿದಳು, ಮತ್ತೆ ಹತ್ತಿ ಇಳಿದಳು. ಮೆಟ್ಟಿಲ ಕಂಬಿ ಹಿಡಿದುಕೊಂಡಿದ್ದಳು, ಓಟ ನಿಲ್ಲಿಸಲಿಲ್ಲ. ತನ್ನ ಸರದಿ ಕೂಗಿದ್ದು ಕೇಳಿಸುತ್ತಲೇ ಒಳಗೆ ನುಗ್ಗಿ ಮಲಗಿದಳು.

ನರ್ಸು ವೈರು ಅಂಟಿಸಿ ಪರದೆ ನೋಡಿ ಬೆಚ್ಚಿದಳು. ನೂರಾ ಹದಿನೆಂಟು. ಎದೆಯ ಡಾಕ್ಟರಮ್ಮನನ್ನು ಕರೆಯಲು ಓಡಿದಳು. ಇಬ್ಬರೂ ಬರುವಷ್ಟರಲ್ಲಿ ಎಂಬತ್ತು. ನೋಡನೋಡುತ್ತಿದ್ದಂತೆ ಅರವತ್ತು. ದರ್ಜಿಯಮ್ಮ ಹಲ್ಲು ಕಚ್ಚಿ ಉಸಿರು ಬಿಗಿಹಿಡಿದಳು. ಅದು ಕೇಳಲಿಲ್ಲ. ನಲವತ್ತೆಂಟಕ್ಕೆ ಬಂದು ನಿಂತಿತು.

"ಏನು ಮಾಡಿದ್ರಿ ಅಮ್ಮಾ? ನಿಜ ಹೇಳಿ."

"ಮೆಟ್ಟಿಲು ಹತ್ತಿದೆ. ಎರಡು ಸಲ. ಕಡಿಮೆ ಬಿದ್ದದ್ದು ತುಂಬ್ಲಿ ಅಂತ."

"ನಾಲ್ಕು ಮಹಡೀನಾ? ಎದೆ ಹಿಡೀಲಿಲ್ವಾ?"

"ಚಪ್ಪಲಿ ಕಿತ್ತೋಯ್ತು, ಅಷ್ಟೆ."

ಡಾಕ್ಟರಮ್ಮ ಬೈಯಲಿಲ್ಲ, ನಗಲೂ ಇಲ್ಲ. ಕಾಲ ಕೆಳಗೆ ಪಟ್ಟಿ ಓಡುವ ಮೆಷಿನ್ನಿನ ಮೇಲೆ ಬರಿಗಾಲಲ್ಲಿ ಹತ್ತಿಸಿದಳು. ಹದಿನೈದು ದಿನದ ಹಸಿವು ತೀರಿಸಿಕೊಳ್ಳುವವಳಂತೆ ದರ್ಜಿಯಮ್ಮ ಒಂಬತ್ತು ನಿಮಿಷ ಓಡುನಡಿಗೆ ನಡೆದಳು. ನಿಲ್ಲಿಸಿ ಎಂದರೂ ಇಳಿಯಲಿಲ್ಲ. ಆಮೇಲೆ ಎದೆಯ ಮೇಲೆ ಲೋಳೆ ಸವರಿ ಹೃದಯದ ಚಿತ್ರ ನೋಡಿದ್ದಾಯಿತು.

"ಕೆಲವರಿಗೆ ಹೀಗೆ ನಿಧಾನ ಬಡಿಯೋದು ಕಾಯಿಲೇನೇ, ಅದಕ್ಕೇ ನೋಡ್ಬೇಕಿತ್ತು. ನಿಮಗೆ ಹಾಗಿಲ್ಲ. ದಿನಾ ದುಡಿದ ಹೃದಯ ಒಂದೇ ಸಲಕ್ಕೆ ಜಾಸ್ತಿ ರಕ್ತ ತಳ್ಳುತ್ತೆ. ಸುಮ್ನಿದ್ದಾಗ ನಲವತ್ನಾಲ್ಕು ಸಾಕು ಅದಕ್ಕೆ. ಓಡಿದಾಗ ಏರುತ್ತೆ, ನಿಂತಾಗ ಬೇಗ ಇಳಿಯುತ್ತೆ. ಚೀಟಿ ಬರೀತೀನಿ. ಆದ್ರೆ ನಿಮಗೇನೂ ಬರಲ್ಲ ಅಂತ ತಿಳ್ಕೋಬೇಡಿ. ಬಿಪಿ ಸ್ವಲ್ಪ ಹೆಚ್ಚಿದೆ, ಉಪ್ಪು ಕಡಿಮೆ ಮಾಡಿ."

ದರ್ಜಿಯಮ್ಮ ಚೀಟಿ ಕೈಗೆ ಬಂದರೂ ಏಳಲಿಲ್ಲ. ಹದಿನೈದು ದಿನದಲ್ಲಿ ಅವಳ ಕಾಲು ಅಲುಗದೆ ಇದ್ದದ್ದು ಆಗಲೇ.

"ನಮ್ಮಮ್ಮನೂ ದಿನಾ ಎದ್ದು ಕುಣಿದಿದ್ರೆ ಉಳೀತಿದ್ಲಾ?"

"ಹೇಳೋಕಾಗಲ್ಲಮ್ಮಾ. ಇನ್ನಷ್ಟು ವರ್ಷ ಸಿಗ್ತಿತ್ತೇನೋ."

ಅವಳು ತಲೆಯಾಡಿಸಿ ಕಿತ್ತ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಹೊರಬಂದಳು.

ಹತ್ತನೆಯ ದಿನಕ್ಕೆ ಕಣ್ಣಿನ ಆಪರೇಷನ್ನು ಆಯಿತು. ಮರುದಿನ ಪಟ್ಟಿ ಬಿಚ್ಚಿದ ಡಾಕ್ಟರು, "ಒಂದು ತಿಂಗಳು ಹಾರೋ ಹಾಗಿಲ್ಲ, ಬಗ್ಗೋ ಹಾಗಿಲ್ಲ" ಎಂದರು. ಸೊಸೆಯ ಮುಖ ಬಾಡಿತು. ಇನ್ನೊಂದು ತಿಂಗಳು ಈ ಚಡಪಡಿಕೆ ಅವಳೇ ನೋಡಬೇಕಲ್ಲ.

"ನಡೀಬಹುದಾ ಸಾರ್?" ದರ್ಜಿಯಮ್ಮ ಕೇಳಿದಳು.

"ಧಾರಾಳವಾಗಿ."

"ಎಷ್ಟು?"

"ನಿಮಗೆ ಎಷ್ಟು ಬೇಕೋ ಅಷ್ಟು."

ಮನೆ ಮೂರು ಮೈಲಿ. ಸೊಸೆ ಆಟೋ ಕರೆಯುವಷ್ಟರಲ್ಲಿ ಕಪ್ಪು ಕನ್ನಡಕದ ಮುದುಕಿ ರಸ್ತೆಯ ತಿರುವು ದಾಟಿದ್ದಳು. ಸೊಸೆ ಏದುಸಿರು ಬಿಡುತ್ತಾ ಓಡಿ ಹೋಗಿ ಸೇರಿಕೊಂಡಾಗ, ಅವಳು ಮುಂದೆ ಹೋಗುತ್ತಿದ್ದ ಯಾರೋ ಗಂಡಸಿನ ಬೆನ್ನನ್ನೇ ದಿಟ್ಟಿಸುತ್ತಾ ಬಿರಬಿರನೆ ನಡೆಯುತ್ತಿದ್ದಳು.

"ನೋಡೇ, ಅವನ ಅಂಗೀದು ಹೊಲಿಗೆ ಭುಜದ ಹತ್ತಿರ ಹೆಂಗೆ ಸೊಟ್ಟ ಹೋಗಿದೆ. ಎಂಟು ಹೊಲಿಗೆ ತಪ್ಪಿದೆ. ಯಾರು ಹೊಲಿದ್ರೋ, ನಡಿ ಬೇಗ, ಕೇಳೋಣ."