ಮೊದಲು ತನ್ನ ತೋಳಿಗೆ

ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಆಯಿಯ ತುಟಿ ಊದತೊಡಗಿತು. ಜತ್ತ ತಾಲೂಕಿನ ನಮ್ಮ ಹಳ್ಳಿ ತಿಕೋಂಡಿಯಲ್ಲಿ ಪಕ್ಕದ ಮನೆಯ ಅಜ್ಜಿ ಅವರು, ಕುರಿ ಸಾಕಿದವರು. ಕುರಿಯ ಗಾಯಕ್ಕೆ ಯಾವ ಔಷಧ ತಂದರೂ ಮೊದಲು ತಮ್ಮ ತೋಳಿಗೆ ಹಚ್ಚಿಕೊಂಡು, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೂತಿರುತ್ತಿದ್ದರು.

"ಮೊದಲ ನನಗ. ಅದು ಮೂಕ ಜೀವ, ಉರದ್ರ ಯಾರ ಮುಂದ ಹೇಳತೈತಿ?"

ಅಂದು ಹಚ್ಚಿಕೊಂಡದ್ದು ಅವರ ಕುರಿಗೆಂದು ಪುಣೆಯ ನಮ್ಮ ಲ್ಯಾಬಿನಿಂದ ನಾನು ಯಾರನ್ನೂ ಕೇಳದೆ ತಂದಿದ್ದ ಮುಲಾಮು. ಪ್ರಾಣಿಗಳನ್ನು ನೋಯಿಸದೆ ಗಾಯದ ಔಷಧ ಪರೀಕ್ಷಿಸಲು ಅಲ್ಲಿ ಮನುಷ್ಯರ ಜೀವಕೋಶಗಳಿಂದ ಚರ್ಮ ಬೆಳೆಸುತ್ತೇವೆ. ಆ ಚರ್ಮದ ಮೇಲೆ ಮುಲಾಮು ಪಾಸಾಗಿತ್ತು.

"ನೀವು ಬೆಳಸೂ ಚರ್ಮದಾಗ ರಕ್ತ ಇರತೈತೇನೋ?" ಎಂದು ಆಯಿ ಕೇಳಿದ್ದರು.

"ಇಲ್ಲ ಆಯಿ. ಆದ್ರೂ ಏನ್ ಆಗಂಗಿಲ್ಲ," ಎಂದಿದ್ದೆ.

ಜತ್ತದ ದವಾಖಾನೆ ಮುಟ್ಟುವಷ್ಟರಲ್ಲಿ ಅವರ ಉಸಿರು ಸಿಳ್ಳೆ ಹಾಕುತ್ತಿತ್ತು. ಏನು ಹಚ್ಚಿದ್ದೆಂದು ಡಾಕ್ಟರು ಕೇಳಿದ್ದು ನನ್ನನ್ನು. ನೌಕರಿ ಹೋದೀತೆಂದು ನಾನು ಬಾಯಿ ಬಿಡಲಿಲ್ಲ. ಆಯಿ ನನ್ನ ಮುಖ ನೋಡಿದರು. ಆ ಉಸಿರಿನಲ್ಲೇ, "ನಾನ ಅರದು ಹಚ್ಚಿಕೊಂಡ ಸೊಪ್ಪರಿ, ಸಾಹೇಬ್ರ," ಎಂದರು.

"ಎಂಥಾ ಅಡಾಣಿ ಮಂದಿ ಇದ್ದೀರಿ, ಓದು ಬರಹ ಇಲ್ಲದವರು," ಎಂದು ಬೈಯುತ್ತಲೇ ಡಾಕ್ಟರು ಸೂಜಿ ಚುಚ್ಚಿದರು. ಆಯಿ ತಪ್ಪೆಲ್ಲ ತಮ್ಮದೇ ಎಂಬಂತೆ ತಲೆಯಾಡಿಸಿದರು. ಎರಡು ಪದವಿ ಪಡೆದ ನಾನು ಬಾಗಿಲ ಬಳಿ ಅವರ ಚಪ್ಪಲಿ ಹಿಡಿದು ನಿಂತಿದ್ದೆ.

ಮೂರನೆಯ ದಿನ ಊತ ಇಳಿದು ಆಯಿ ಮನೆಗೆ ಬಂದರು. ನನಗೆ ಮಾತ್ರ ಕಣ್ಣು ಮುಚ್ಚಿದರೆ ಅವರ ಉಸಿರು ಕೇಳುತ್ತಿತ್ತು. ಬೆಳಗಿನವರೆಗೆ ನಿದ್ದೆ ಬಂದದ್ದು ಮುಂದಿನ ಸೋಮವಾರ, ಅದೇ ಡಾಕ್ಟರ ಎದುರು ಹೋಗಿ ನಿಂತು, "ಅದು ಸೊಪ್ಪಲ್ಲರಿ, ನಾ ಕೊಟ್ಟ ಮುಲಾಮು," ಎಂದ ದಿನ.