ಕೆಂಪವ್ವನ ಲೇಥು

ನಮ್ಮ ಹಿತ್ತಲ ಗೋಡೆಯ ಆಚೆ ಕೆಂಪವ್ವನ ಮನೆ. ನಾನು ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ, ನಿವೃತ್ತಿಯಾದ ಮೇಲೆ ಗಡಿಯಾಚೆಯ ಈ ಮಿರಜದಲ್ಲೇ ನಿಂತವಳು. ಓಣಿಯಲ್ಲಿ ಎಲ್ಲರೂ ಅಕ್ಕೋರು ಎನ್ನುತ್ತಾರೆ. ಬಾಯಿ ಜೋರು ಎಂದು ಬೆನ್ನ ಹಿಂದೆ ಅನ್ನುವುದೂ ನನಗೆ ಗೊತ್ತು. ಕೆಂಪವ್ವ ನನಗೆ ತದ್ವಿರುದ್ಧ. ನಾನು ಹತ್ತು ಮಾತಾಡಿದರೆ ಅವಳದು ಒಂದು, ಅದನ್ನೂ ಕೈಯಲ್ಲಿ ಕೆಲಸ ಇಟ್ಟುಕೊಂಡೇ ಆಡುತ್ತಾಳೆ.

ಅಥಣಿ ಕಡೆಯಿಂದ ಕೂಲಿ ಹುಡುಕಿಕೊಂಡು ಬಂದ ಮನೆತನ ಅವರದು. ಗಂಡ ಶಿದ್ರಾಮ ಸಾಂಗಲಿಯ ಮಾರ್ಕೆಟ್ ಯಾರ್ಡಿನಲ್ಲಿ ಅರಿಶಿನದ ಚೀಲ ಹೊರುವ ಹಮಾಲನಾಗಿದ್ದ. ಕೆಂಪವ್ವ ಕುಪವಾಡದ ಒಂದು ಫರ್ನಿಚರ್ ಕಾರಖಾನೆಯಲ್ಲಿ ಹತ್ತೊಂಬತ್ತು ವರ್ಷ ಪಾಲಿಶ್ ಪೇಪರ್ ಹಿಡಿದು ಕಟ್ಟಿಗೆ ಉಜ್ಜಿದಳು. ಅಲ್ಲಿ ಹೆಂಗಸರಿಗೆ ಉಜ್ಜುವುದು, ಗುಡಿಸುವುದು, ಇಷ್ಟೇ ಕೆಲಸ. ಕಟ್ಟಿಗೆ ತಿರುಗಿಸಿ ಕಡೆಯುವ ಲೇಥಿನ ಮುಂದೆ ನಿಲ್ಲುವವರು ಗಂಡಸರು. ಒರಟು ತುಂಡು ಗರಗರ ತಿರುಗುತ್ತ, ಉಳಿಯ ಬಾಯಿಗೆ ಸಿಕ್ಕಿ ಕುರ್ಚಿಯ ಕಾಲೋ ತೊಟ್ಟಿಲ ಕಂಬವೋ ಆಗುವುದನ್ನು ಅವಳು ಅಷ್ಟೂ ವರ್ಷ ವಾರೆಗಣ್ಣಿನಲ್ಲೇ ನೋಡಿದಳು.

"ಅವರು ಮಾಡಿದ್ದೆಲ್ಲಾ ಕಡೀಕ ನನ್ನ ಕೈಗೆ ಬರತಿತ್ತರಿ ಅಕ್ಕೋರ. ಎಲ್ಲಿ ಉಳಿ ನಡಗೇತಿ, ಎಲ್ಲಿ ಅವಸರಾ ಮಾಡ್ಯಾರ, ನನ್ನ ಬೆರಳಿಗೆ ತಿಳೀತಿತ್ತು. ನನಗ ಕೊಟ್ಟಿದ್ರ ಹಂಗ ಮಾಡತಿದ್ದಿಲ್ಲ ನಾ," ಎಂದು ಒಂದು ದಿನ ಬಟ್ಟೆ ಒಣಹಾಕುತ್ತ ಹೇಳಿದಳು. ಅವಳ ಬಾಯಿಂದ ಅಷ್ಟು ದೊಡ್ಡ ಮಾತು ನಾನು ಕೇಳಿದ್ದು ಅದೇ ಮೊದಲು.

ಹೋದ ವರ್ಷ ಕಾರಖಾನೆ ಬೇರೆ ಊರಿಗೆ ಹೋಯಿತು. ಕೆಂಪವ್ವನಿಗೆ ಲೆಕ್ಕ ಚುಕ್ತಾ ಆಗಿ ಬಂದ ದುಡ್ಡಿನಲ್ಲಿ ಮನೆಯ ಖರ್ಚು ಕಳೆದು ನಲವತ್ತು ಸಾವಿರ ಉಳಿಯಿತು. ಬಂಗಾರ ಮಾಡಿಸಿಕೊ ಎಂದರು ತವರಿನವರು. ಅವಳು ಮಾತ್ರ ಹಿತ್ತಲಿನ ತಗಡಿನ ಶೆಡ್ಡು ಗುಡಿಸಿ, ಗೋಡೆಗೆ ಸುಣ್ಣ ಬಳಿದು, ನನ್ನ ಬಳಿ ಬಂದು ನಿಂತಳು. "ಒಂದು ಲೇಥ್ ತಗೋಬೇಕಂತ ಮಾಡೇನಿ. ಮಾರಾಕಲ್ಲರಿ, ನನ್ನ ಸಮಾಧಾನಕ್ಕ. ಅಂಗಡಿಯಾಗ ಮಾತಾಡಾಕ ನೀವು ಬರ್ರಿ."

ಬಾಯಿ ಜೋರಿರುವುದರ ಉಪಯೋಗ ಒಬ್ಬರಿಗಾದರೂ ಕಂಡಿತಲ್ಲ ಎಂದು ಖುಷಿಪಟ್ಟು ಹೊರಟೆ.

ಮೊದಲು ಕುಪವಾಡದ ಕಾರಖಾನೆಗಳ ವಸಾಹತು ಎಂಐಡಿಸಿಗೆ ಹೋದೆವು. ಅಲ್ಲಿ ಒಬ್ಬ ವ್ಯಾಪಾರಿ ಹಳೆಯ ಲೇಥನ್ನು ಹನ್ನೆರಡು ಸಾವಿರಕ್ಕೆ ಕೊಡುತ್ತೇನೆಂದ. ಆನೆಯಷ್ಟು ಗಾತ್ರ. ನಾನು ಹತ್ತಕ್ಕೆ ಇಳಿಸಿ ಬೀಗುತ್ತಿದ್ದೆ. ಕೆಂಪವ್ವ ಹಿಂದೆ ಹೋಗಿ ಬಗ್ಗಿ ನೋಡಿ ಬಂದಳು. "ನಾಕ ವೈರ್ ಅದಾವರಿ. ಇದು ತ್ರೀ ಫೇಸ್ ಮೋಟರ್. ನಮ್ಮ ಮನೀ ಮೀಟರ್ ಸಿಂಗಲ್." ಅಷ್ಟು ಹೇಳಿ ಸೆರಗು ಸರಿಮಾಡಿಕೊಂಡು ಹೊರಗೆ ನಡೆದಳು. ಕೊಂಡಿದ್ದರೆ ಆ ಆನೆ ಶೆಡ್ಡಿನಲ್ಲಿ ಸುಮ್ಮನೆ ನಿಲ್ಲುತ್ತಿತ್ತು. ಆಮೇಲೆ ನಾನು ಮೊಬೈಲಿನಲ್ಲಿ ಕಂಡ, ಕೊಯ್ಯುವ, ಸವರುವ, ತೂತು ಕೊರೆಯುವ, ಹೀಗೆ ಐದು ಕೆಲಸವನ್ನು ಒಂದೇ ಮಷಿನ್ನು ಮಾಡುತ್ತದೆಂಬ ಜಾಹೀರಾತು ತೋರಿಸಿದೆ. "ಐದೂ ಅರ್ಧಂಬರ್ಧ ಮಾಡತೇತಿ," ಎಂದಳು. ನಾನು ಮೊಬೈಲನ್ನು ಚೀಲಕ್ಕೆ ಹಾಕಿದೆ.

ಕೊನೆಗೆ ಸಾಂಗಲಿಯ ಬಾಬಾಸಾಹೇಬರ ಅಂಗಡಿಗೆ ಹೋದೆವು. ಅರವತ್ತು ದಾಟಿದ ಮರಾಠಿ ಮನುಷ್ಯ. ಗಿರಾಕಿಯ ಮುಖ ನೋಡಿ ಕನ್ನಡಕ್ಕೆ ಹೊರಳುತ್ತಾರೆ. ಮೇಜಿನ ಮೇಲೆ ಕೂರುವಂಥ ಎರಡು ಸಣ್ಣ ಲೇಥುಗಳನ್ನು ತೋರಿಸಿದರು. ಒಂದು ಹದಿನಾಲ್ಕು ಸಾವಿರ, ಇನ್ನೊಂದು ಇಪ್ಪತ್ತಾರು. ಬಣ್ಣ ಒಂದೇ, ಅಳತೆಯೂ ಹೆಚ್ಚು ಕಡಿಮೆ ಒಂದೇ. ಅಗ್ಗದ್ದು ತಗೊಂಡು ಮನೆಗೆ ಹೋಗೋಣ ಎಂದು ನಾನು ಚಡಪಡಿಸುತ್ತಿದ್ದೆ. ಕೆಂಪವ್ವ ತನಗೆ ಕೊಟ್ಟ ಚಹಾದ ಗ್ಲಾಸನ್ನು ಕುಡಿಯದೆ ಅಗ್ಗದ ಲೇಥಿನ ಮೇಲಿಟ್ಟಳು. "ಚಾಲೂ ಮಾಡ್ರಿ." ಚಹಾ ಕುಣಿದು ಅಂಚು ದಾಟಿ ಚೆಲ್ಲಿತು. ಅದು ತಗಡು ಬಗ್ಗಿಸಿ ಮಾಡಿದ್ದು. ಗ್ಲಾಸನ್ನು ಒರೆಸಿ ಇನ್ನೊಂದರ ಮೇಲಿಟ್ಟಳು. ಅದು ಬೀಡು ಕಬ್ಬಿಣದ್ದು, ಒಬ್ಬರಿಂದ ಎತ್ತಲಾಗದಷ್ಟು ಭಾರ. ಅದು ತಿರುಗಿದಾಗ ಚಹಾದಲ್ಲಿ ಸಣ್ಣ ಉಂಗುರ ಎದ್ದಿತು, ಅಷ್ಟೇ. ಆಗ ಆ ಚಹಾ ಕುಡಿದಳು.

ಬಾಬಾಸಾಹೇಬರು ಕುರ್ಚಿಯಿಂದ ಎದ್ದು ನಿಂತು, ಮರಾಠಿಯವರು ಚಿಕ್ಕಮ್ಮನನ್ನು ಕರೆಯುವ ಹಾಗೆ ಕರೆದರು. "ಮಾವಶಿ, ಈ ಪರೀಕ್ಷಾ ನಿಮಗ ಯಾರ ಕಲಿಸಿದ್ರು? ಬರೊಬ್ಬರಿ ಆರಿಸೀರಿ. ಆದರ ಎಲ್ಲಾ ರೊಕ್ಕಾ ಮಷಿನ್ನಿಗೇ ಹಾಕಬ್ಯಾಡ್ರಿ. ಉಳಿ ಬೇಕು, ಉಳಿಗೆ ಸಾಣಿ ಬೇಕು, ಮಾರಿಗೆ ಕಾಚಿನ ಮುಸುಕ ಬೇಕು. ನೀವಂದ ನಲವತ್ತು ಸಾವಿರದಾಗ ಎಲ್ಲಾ ಕೂಡಿಸಿ ಕೊಡತೇನಿ."

"ಆತ್ರಿ," ಎಂದಳು ಕೆಂಪವ್ವ. "ಒಮ್ಮೆ ನಾ ನಿಂತು ನೋಡತೇನಿ."

ಅವಳು ತಯಾರಾಗಿಯೇ ಬಂದಿದ್ದಳು. ಚೀಲದಿಂದ ಗಂಡನ ಹಳೆಯ ಅಂಗಿ ತೆಗೆದು, ಹೊಲದ ಕೂಲಿಗೆ ಹೋಗುವ ಹೆಂಗಸರ ಹಾಗೆ ಸೀರೆಯ ಮೇಲೆ ತೊಟ್ಟು ಗುಂಡಿ ಹಾಕಿದಳು. ಸೆರಗು ಸೊಂಟಕ್ಕೆ ಬಿಗಿದಳು, ತಾಳಿ ಕುಪ್ಪಸದೊಳಗೆ ಸೇರಿಸಿದಳು, ಜಡೆ ಸುತ್ತಿ ಗಂಟು ಕಟ್ಟಿದಳು. ಆಮೇಲೆ ಎರಡೂ ಕೈಯ ಹಸಿರು ಗಾಜಿನ ಬಳೆಗಳ ಮೇಲೆ ಬಟ್ಟೆಯ ಪಟ್ಟಿ ಸುತ್ತಿ ಹಲ್ಲಿನಿಂದ ಎಳೆದು ಗಂಟು ಹಾಕಿದಳು.

"ಇದೇನ್ರಿ?" ಎಂದರು ಬಾಬಾಸಾಹೇಬರು.

"ಕಾರಖಾನಿಯಾಗ ಹಿಂಗ ಕಟ್ಟತಿದ್ದಿವ್ರಿ. ಪಾಲಿಶಿಗೆ ಗೀರ ಬೀಳಬಾರದಂತ."

ಬಾಬಾಸಾಹೇಬರು ಅವಳಿಗೆ ಹಿಂದೆ ಸರಿಯಲು ಸನ್ನೆ ಮಾಡಿದರು. ಲೇಥಿಗೆ ಒಂದು ಕಟ್ಟಿಗೆ ಸಿಕ್ಕಿಸಿ ಚಾಲೂ ಮಾಡಿ, ಒರೆಸುವ ಬಟ್ಟೆಯ ಒಂದು ತುದಿಯನ್ನು ಅದಕ್ಕೆ ಮುಟ್ಟಿಸಿದರು. ಬಟ್ಟೆ ಅವರ ಕೈಯಿಂದ ಕಿತ್ತುಕೊಂಡು ಹೋಗಿ ಕಣ್ಣು ಮಿಟುಕಿಸುವುದರೊಳಗೆ ಕಟ್ಟಿಗೆಗೆ ಬಿಗಿಯಾಗಿ ಸುತ್ತಿಕೊಂಡಿತು. ಮಷಿನ್ನು ನಿಲ್ಲಿಸಿದರು.

"ಇದು ಉಜ್ಜೂ ಕೆಲಸಲ್ಲ ಮಾವಶಿ, ತಿರುಗೂ ಕೆಲಸ. ಪಟ್ಟಿ ಸಿಕ್ಕರ ಕೈ ಸಮೇತ ಒಯ್ಯತೇತಿ, ಬಳಿ ಸಿಕ್ಕರೂ ಅಷ್ಟ. ಬರೇ ಕೈಲೆ ಬರ್ರಿ, ಇವತ್ತ ಕೊಡತೇನಿ. ಬಳಿ ಕೈಗೆ ನಾ ಲೇಥ್ ಮಾರೂದಿಲ್ಲ. ಬೇಕಾದ್ರ ಸ್ಕ್ರೋಲ್ ಸಾ ಒಯ್ರಿ, ಅರ್ಧಾ ರೊಕ್ಕದಾಗ ಬರತೇತಿ. ಅದರ ಗರಗಸ ಮ್ಯಾಲ ಕೆಳಗ ಆಡತೇತಿ, ಸುತ್ತಿಕೊಳ್ಳೂದಿಲ್ಲ."

ಜಗಳಕ್ಕೆ ನನ್ನ ಬಾಯಿ ತೆರೆದಿತ್ತು. ಕಟ್ಟಿಗೆಗೆ ಸುತ್ತಿದ್ದ ಬಟ್ಟೆ ನೋಡಿ ಮುಚ್ಚಿಕೊಂಡೆ. ಕೆಂಪವ್ವ ಸ್ಕ್ರೋಲ್ ಸಾ ಮೇಲೆ ಒಂದು ಹಲಗೆ ಕೊಯ್ದು ನೋಡಿದಳು. ಗೆರೆ ತಪ್ಪದೆ ಕೊಯ್ದಳು. "ಚಲೋ ಐತ್ರಿ. ಆದರ ಇದು ನಂದಲ್ಲ," ಎಂದು ಅಂಗಿ ಬಿಚ್ಚಿ ಮಡಚಿದಳು.

ಬಸ್ ಸ್ಟ್ಯಾಂಡಿನಲ್ಲಿ ನನ್ನ ನಾಲಗೆ ತಡೆಯಲಿಲ್ಲ. "ಬಳೀ ತೆಗದ್ರ ಗಂಡ ಸಾಯತಾನೇನ ಕೆಂಪವ್ವ? ಈ ಕಾಲದಾಗೂ ಇದನ್ನ ನಂಬತೀಯೇನ?"

ಅವಳು ನನ್ನ ಮಣಿಕಟ್ಟು ನೋಡಿದಳು. ಅಲ್ಲಿ ಒಂದು ಗಡಿಯಾರ ಬಿಟ್ಟರೆ ಹನ್ನೊಂದು ವರ್ಷದಿಂದ ಏನೂ ಇಲ್ಲ. ಬಸ್ ಹತ್ತಿದಳು. ನಾಲ್ಕು ದಿನ ಗೋಡೆಯ ಆಚೆಯಿಂದ ಒಂದು ಮಾತೂ ಬರಲಿಲ್ಲ.

ನನಗೆ ನಾಚಿಕೆಯಾಯಿತು. ಯಾಕೆಂದರೆ ಆ ಬಳೆಗಳ ಕಥೆ ನನಗೆ ಚೆನ್ನಾಗಿ ಗೊತ್ತಿತ್ತು. ಎರಡು ವರ್ಷದ ಹಿಂದೆ ಶಿದ್ರಾಮನ ಎದೆ ಸೀಳಿ ಆಪರೇಶನ್ ಮಾಡುವಾಗ ದವಾಖಾನೆಯ ಮೆಟ್ಟಿಲ ಮೇಲೆ ನಾನೂ ಅವಳ ಪಕ್ಕದಲ್ಲೇ ಕುಳಿತಿದ್ದೆ. ಅಲ್ಲಿಯೇ ಚಿಂಚಲಿಯ ದೇವಿ ಮಾಯವ್ವನಿಗೆ ಹರಕೆ ಹೊತ್ತಳು: ಇವರು ಜೀವಂತ ಮನೆಗೆ ಬಂದರೆ ಎರಡೂ ಕೈತುಂಬ ಹಸಿರು ಬಳೆ ತೊಡುತ್ತೇನೆ, ಕೈ ಎಂದೂ ಬರಿದು ಮಾಡುವುದಿಲ್ಲ. ಒಂಬತ್ತನೆಯ ದಿನ ಶಿದ್ರಾಮ ನಡೆದುಕೊಂಡು ಮನೆಗೆ ಬಂದ. ಅಕಸ್ಮಾತ್ ಕೂಡ ಜಾರಬಾರದೆಂದು ಅವಳು ಬಿಗಿ ಬಳೆಗಳನ್ನೇ ತೊಟ್ಟಳು. ಅವನ್ನು ತೆಗೆಯಬೇಕೆಂದರೆ ಒಡೆಯಬೇಕಾದೀತು. ಬಳೆ ಒಡೆಯುವುದು ಯಾವ ದಿನ, ಯಾರ ಕೈಯಲ್ಲಿ ಎಂಬುದು ನನಗೆ ಹೇಳಿಕೊಡಬೇಕಾಗಿಲ್ಲ. ನನ್ನ ಬಳೆಗಳೂ ಹಸಿರೇ ಇದ್ದವು, ತೊಟ್ಟುಕೊಂಡೇ ಇದ್ದೆ, ನಮ್ಮವರು ಹೋದರು. ಬಸ್ ಸ್ಟ್ಯಾಂಡಿನಲ್ಲಿ ನಾನು ಸಿಟ್ಟು ಮಾಡಿದ್ದು ಕೆಂಪವ್ವನ ಮೇಲೆ ಅಲ್ಲವೇ ಅಲ್ಲ.

ಐದನೆಯ ದಿನ ಅವಳಿಲ್ಲದ ಹೊತ್ತು ನೋಡಿ ಅವರ ಮನೆಗೆ ಹೋದೆ. ಶಿದ್ರಾಮ ಕಟ್ಟೆಯ ಮೇಲೆ ಕುಳಿತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದ. ಭಾರ ಎತ್ತಬಾರದೆಂದು ಡಾಕ್ಟರು ಹೇಳಿದಾಗಿನಿಂದ ಅಡಿಗೆ ಅವನದೇ.

"ಬರ್ರಿ ಅಕ್ಕೋರ, ಕುಂದ್ರಿ. ಮಷಿನ್ ಚಲೋ ಇದ್ದಿಲ್ಲಂತಲ್ರಿ?"

"ಮಷಿನ್ ಚಲೋನ ಇತ್ತು," ಎಂದು ಎಲ್ಲವನ್ನೂ ಹೇಳಿಬಿಟ್ಟೆ. ಹೇಳಬಾರದಿತ್ತೇನೋ. ನಾನಿರುವುದೇ ಹಾಗೆ.

ಅವನು ಸೊಪ್ಪು ಬಿಡಿಸುತ್ತಲೇ ಇದ್ದ. ಆ ಸಿವುಡು ಮುಗಿಸಿ, "ಹರಕಿ ಹೊತ್ತದ್ದು ನನ್ನ ಸಲುವಾಗಿ. ಅಂದ ಮ್ಯಾಲ ನಾನ ಹೋಗಿ ಹೇಳಿ ಬರಬೇಕಾತು," ಎಂದ.

ಮರುದಿನ ಬೆಳಗಿನ ರೈಲಿಗೆ ಹೆಂಡತಿಯನ್ನು ಕರೆದುಕೊಂಡು ಚಿಂಚಲಿಗೆ ಹೋಗಿ ಬಂದ. ಸಂಜೆ ಅವನನ್ನು ಗೋಡೆಯ ಹತ್ತಿರ ಹಿಡಿದು ನಿಲ್ಲಿಸಿ ಕೇಳಿದೆ, ನೀನು ದೇವಿಗೆ ಏನು ಹೇಳಿದೆ ಎಂದು.

"ತಾಯಿ, ನನ್ನ ಉಳಿಸಿದಿ, ಈಗ ಆಕೀನ ಕಟ್ಟಿ ಹಾಕಬ್ಯಾಡ ಅಂದ್ನಿರಿ. ಲೇಥ್ ಚಾಲೂ ಇದ್ದಾಗ ಬಳಿ ನನ್ನ ಕಡೆ, ಬಂದ್ ಆದ ಕೂಡಲೆ ಆಕಿ ಕೈಯಾಗ. ಹಿಂಗ ಅಂದ್ನಿ."

"ಅದಕ್ಕ ಮಾಯವ್ವ ಏನಂದ್ಲು?"

"ಏನೂ ಅನ್ಲಿಲ್ಲರಿ. ಬ್ಯಾಡ ಅನ್ನಾಕಿ ಆಗಿದ್ರ ತಾಯಿ ಸುಮ್ಮನ ಬಿಡತಿದ್ದಳೇನ್ರಿ?"

ನಾನು ನಕ್ಕೆ. ಅವನ ಹಿಂದೆ ನಿಂತಿದ್ದ ಕೆಂಪವ್ವ ನಗಲಿಲ್ಲ. ಬಿಗಿ ಬಳೆಗಳು ಇನ್ನೂ ಅವಳ ಕೈಯಲ್ಲೇ ಇದ್ದವು. ಶಿದ್ರಾಮ ಪೇಟೆಗೆ ಹೋಗಿ, ಬಳೆ ಅಂಗಡಿಯ ಹೆಂಗಸರ ನಡುವೆ ನಿಂತು, ಸಲೀಸಾಗಿ ಹಾಕಿ ತೆಗೆಯಲು ಬರುವ ಒಂದು ಅಳತೆ ದೊಡ್ಡ ಹಸಿರು ಬಳೆಗಳನ್ನು ತಂದಿದ್ದ. ಅಂಗಳದಲ್ಲಿ ಅವಳನ್ನು ಕೂರಿಸಿ, ಕೈಗೆ ಸಾಬೂನಿನ ನೊರೆ ಹಚ್ಚಿ, ಒಂದೊಂದೇ ಹಳೆಯ ಬಳೆಯನ್ನು ಹೊರಳಿಸಿ ಜಾರಿಸತೊಡಗಿದ. ನೂರು ಕಿಲೋ ಚೀಲಗಳನ್ನು ಬೆನ್ನ ಮೇಲೆ ಹೊತ್ತ ಆ ಕೈಗಳು ಅಷ್ಟು ಮೆತ್ತಗೆ ಕೆಲಸ ಮಾಡಬಲ್ಲವೆಂದು ನನಗೆ ಗೊತ್ತಿರಲಿಲ್ಲ. ಬಲಗೈಯ ಕೊನೆಯ ಬಳೆ ಗೆಣ್ಣಿನ ಹತ್ತಿರ ಟಕ್ಕೆಂದು ಎರಡಾಯಿತು.

ಕೆಂಪವ್ವನ ಮುಖ ಬಿಳಿಚಿತು. ಶಿದ್ರಾಮ ಸಾಬೂನು ಹತ್ತಿದ ಅವಳ ಅಂಗೈಯನ್ನು ಎಳೆದು ತನ್ನ ಎದೆಯ ಹೊಲಿಗೆಯ ಗುರುತಿನ ಮೇಲೆ ಒತ್ತಿಕೊಂಡ. "ಬಡೀತೈತಿಲ್ಲೋ? ಹೇಳ. ಬಡೀತೈತಿಲ್ಲೋ?"

"ಹೂಂನ್ರಿ," ಎಂದಳು. ಅವಳು ಅತ್ತದ್ದನ್ನು ನಾನು ನೋಡಲಿಲ್ಲ ಎಂದು ಹೇಳಿದರೆ ಸುಳ್ಳಾದೀತು. ನಾನೂ ಅತ್ತೆ.

ಮುಂದಿನ ವಾರ ಬಾಬಾಸಾಹೇಬರು ಟೆಂಪೋದಲ್ಲಿ ಲೇಥನ್ನು ತಾವೇ ತಂದರು. ಮೇಜಿಗೆ ಬೋಲ್ಟು ಬಿಗಿದು, ಅವಳ ಬರಿಯ ಕೈ ನೋಡಿ ತಲೆಯಾಡಿಸಿದರು. ಒಂದು ಮಾವಿನ ಕಟ್ಟಿಗೆಯ ತುಂಡು ಸಿಕ್ಕಿಸಿ, ಉಳಿ ಹಿಡಿಯುವ ರೀತಿ ತೋರಿಸಿ ಪಕ್ಕಕ್ಕೆ ಸರಿದರು. ಶಿದ್ರಾಮ ಬಳೆಗಳನ್ನು ಒಂದು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡು ಶೆಡ್ಡಿನ ಬಾಗಿಲಲ್ಲೇ ಕುಳಿತಿದ್ದ. ಓಣಿಯವರು ಹಾದುಹೋಗುತ್ತ ನಗುತ್ತಿದ್ದರು. ಅವನು ಅವರನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ.

ಲೇಥ್ ತಿರುಗಿತು. ಕೆಂಪವ್ವ ಉಳಿ ಇಟ್ಟಳು, ಸಿಪ್ಪೆ ಎದ್ದಿತು. ಮರುಗಳಿಗೆಯೇ ಬಾಗಿಲ ಕಡೆ ನೋಡಿದಳು. ಉಳಿ ಒಮ್ಮೆ ಪುಟಿದು ಕಟ್ಟಿಗೆಯಲ್ಲಿ ಗೀರು ಬಿತ್ತು. ಬಾಬಾಸಾಹೇಬರು "ಹಾಂ ಮಾವಶಿ, ನಜರ್ ಇಲ್ಲಿ" ಎಂದರು. ಮತ್ತೆ ಉಳಿ ಇಟ್ಟಳು, ಮತ್ತೆ ಬಾಗಿಲ ಕಡೆ ನೋಡಿದಳು. ಮೂರನೆಯ ಸಲಕ್ಕೆ ಶಿದ್ರಾಮ ಮಷಿನ್ನಿನ ಸದ್ದಿನ ಮೇಲೆ ಕೂಗಿ ಹೇಳಿದ.

"ಕೆಂಪೀ, ನನ್ನ ನೋಡಬ್ಯಾಡ. ಕಟಗಿ ನೋಡ. ನಾ ಎಲ್ಲೂ ಹೋಗೂದಿಲ್ಲ."