ಹೆಣ್ಣು ನೋಡುವ ದಿನ ರೇಡಿಯೋ ಹೇಳಿದ ಹೊಳೆ

ನಮ್ಮಪ್ಪನಿಗೆ ರೇಡಿಯೋದ ಪ್ರಶ್ನೋತ್ತರ ಕಾರ್ಯಕ್ರಮವೆಂದರೆ ಹುಚ್ಚು. ಬಾದಾಮಿಯ ನಮ್ಮ ಓಣಿಗೆಲ್ಲ ಅದೊಂದೇ ರೇಡಿಯೋ, ಬ್ಯಾಟರಿಯದು. ಅಲ್ಲಿ ಯಾರೋ ಕೇಳುತ್ತಾರೆ, ಇನ್ಯಾರೋ ಉತ್ತರಿಸುತ್ತಾರೆ. ಸುಮ್ಮನೆ ಕೇಳಿ ಎದ್ದರಾಗದೆ? ಇಲ್ಲ. ಪ್ರಶ್ನೆ ಮುಗಿದ ಕೂಡಲೇ ಅಪ್ಪ ಗುಂಡಿ ತಿರುವಿ ಸದ್ದಡಗಿಸುತ್ತಿದ್ದರು. ಮನೆಯವರೆಲ್ಲ ಮೊದಲು ಉತ್ತರ ಹೇಳಬೇಕು, ಆಮೇಲೆ ಸದ್ದು ಏರಿಸಿ ಯಾರದು ಸರಿ ಎಂದು ತಾಳೆ ನೋಡಬೇಕು. ರೇಡಿಯೋ ಹೇಳಿತೆಂದರೆ ಮುಗಿಯಿತು, ಅದರ ಮುಂದೆ ಮಾತಿಲ್ಲ.

ನನ್ನನ್ನು ನೋಡಲು ಹುನಗುಂದದ ಕಡೆಯಿಂದ ಗಂಡು ಬಂದ ಸಂಜೆಯೂ ಆ ಕಾರ್ಯಕ್ರಮವಿತ್ತು. ಗಂಡು ಸಾಲಿ ಮಾಸ್ತರ. ಬಾಗಿಲ ಸಂದಿಯಿಂದ ನೋಡಿದೆ, ಹಿಡಿಸಿದರು. ಯಾಕೆಂದು ಕೇಳಿದರೆ ಹೇಳಲಾರೆ. ಅವಲಕ್ಕಿಯ ತಟ್ಟೆಯಲ್ಲಿ ಮೆಣಸಿನಕಾಯಿಯನ್ನು ಒಂದು ಬದಿಗೆ ಸರಿಸಿಟ್ಟಿದ್ದರು, ಅಷ್ಟೇ ನೆನಪು. ಅಪ್ಪ ರೇಡಿಯೋ ಹಚ್ಚಿ, "ಮಾಸ್ತರ್ರ, ನೀವೂ ಆಡ್ರಿ" ಎಂದರು. ಇದರಲ್ಲಿ ಸೋತರೆ ಹೆಣ್ಣು ಕೊಡುವುದಿಲ್ಲ ಎಂದು ಬೆಳಿಗ್ಗೆಯೇ ಅವ್ವನಿಗೆ ಹೇಳಿಬಿಟ್ಟಿದ್ದರು.

"ಮಲಪ್ರಭಾ ಯಾವ ನದಿಯನ್ನು ಸೇರುತ್ತದೆ?" ಎಂದಿತು ರೇಡಿಯೋ. ಅಪ್ಪ ಸದ್ದಡಗಿಸಿದರು.

"ಕೃಷ್ಣಾ," ಎಂದರು ಮಾಸ್ತರರು. ಅಷ್ಟಕ್ಕೇ ಬಿಡಲಿಲ್ಲ. ಎರಡೂ ಕೂಡುವಲ್ಲಿ ತಾವು ಪ್ರತಿವರ್ಷ ಮುಳುಗು ಹಾಕುವುದು, ಎಲ್ಲಿ ನೀರು ತಣ್ಣಗಿದೆ, ಎಲ್ಲಿ ಸೆಳವಿದೆ, ಎಲ್ಲ ಪಾಠ ಮಾಡಿದಂತೆ ಹೇಳಿದರು. ಕೊನೆಗೂ ಅಪ್ಪ ಸದ್ದು ಏರಿಸಿದರೆ ರೇಡಿಯೋ, "ತಪ್ಪು. ಸರಿಯಾದ ಉತ್ತರ ತುಂಗಭದ್ರಾ" ಎಂದಿತು.

ಮಾಸ್ತರರ ಮಾತು ಉದ್ದವಾಗಿ, ಅಷ್ಟರಲ್ಲಿ ರೇಡಿಯೋ ನಮ್ಮ ಪ್ರಶ್ನೆ ದಾಟಿಹೋಗಿತ್ತು. ನಾವು ಕೇಳಿದ್ದು ಮುಂದಿನ ಪ್ರಶ್ನೆಯ ಉತ್ತರ. ಇದು ನನಗೆ ಹೊಳೆದದ್ದು ಎಷ್ಟೋ ತಿಂಗಳ ಮೇಲೆ. ಆಗ ಎಲ್ಲರೂ ಕಕ್ಕಾಬಿಕ್ಕಿ.

"ಮಾಸ್ತರಾಗಿ ನಿಮ್ಮೂರ ಹೊಳಿ ಗೊತ್ತಿಲ್ಲೇನ್ರಿ?" ಎಂದರು ಅಪ್ಪ.

"ನಾ ಕಣ್ಣಾರೆ ನೋಡೇನ್ರಿ..." ಮಾಸ್ತರರು ರೇಡಿಯೋ ನೋಡಿದರು, ಅಪ್ಪನನ್ನು ನೋಡಿದರು. "ಇರಬಹುದ್ರಿ," ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. ಇರಬಹುದಂತೆ! ಮುಳುಗಿ ಎದ್ದ ಹೊಳೆಯನ್ನೇ ಬಿಟ್ಟುಕೊಡುವವರು ನಾಳೆ ನನ್ನನ್ನು ಬಿಟ್ಟುಕೊಡುವುದಿಲ್ಲವೆ? ಅದರ ಹಿಂದೆಯೇ, ಪಾಪ, ಹೆಣ್ಣು ಕೈತಪ್ಪೀತೆಂದು ಹಾಗೆಂದರೇನೋ ಎಂಬ ಅನುಮಾನ. ಒಮ್ಮೆ ನಾನು ಸಾಲಿಯಲ್ಲಿ ಕಲಿತದ್ದೇ ತಪ್ಪೇನೋ ಅನ್ನಿಸಿತು. ಬಾಯಿ ಮಾತ್ರ ನನ್ನನ್ನು ಕೇಳಲಿಲ್ಲ.

"ಕೃಷ್ಣಾನ ಖರೆ ಐತಿ," ಎಂದೆ ಬಾಗಿಲ ಹಿಂದಿನಿಂದ.

ಅವ್ವ ನನ್ನ ರಟ್ಟೆ ಹಿಡಿದಳು. "ರೇಡಿಯೋಕ್ಕಿಂತ ನಿನಗ ಭಾಳ ಗೊತ್ತೈತೇನು?" ಅಪ್ಪ ಗುಡುಗಿದರು.

ಮಾಸ್ತರರು ಎದ್ದು ನಿಂತರು. ಹೊರಟೇಬಿಟ್ಟರು ಎಂದುಕೊಂಡೆ. "ಇರಬಹುದು ಅಂದದ್ದ ನನ್ನ ತಪ್ಪ್ರಿ," ಎಂದರು. "ಕೃಷ್ಣಾನ. ಹೆಣ್ಣ ಕೊಡ್ರಿ, ಬಿಡ್ರಿ, ಹೊಳಿ ಅಂತೂ ಅಲ್ಲೇ ಕೂಡತೈತಿ."

ರೇಡಿಯೋ ತನ್ನ ಪಾಡಿಗೆ ಪ್ರಶ್ನೆ ಕೇಳುತ್ತಲೇ ಇತ್ತು. ಕಾರ್ಯಕ್ರಮ ಮುಗಿಯದೆ ಎಂದೂ ಬಂದ್ ಮಾಡದ ಅಪ್ಪ ಅವತ್ತು ಬಂದ್ ಮಾಡಿ, ಅವ್ವನಿಗೆ "ಸಕ್ಕರಿ ತಾ" ಎಂದರು. ಸಕ್ಕರೆ ಕೊಟ್ಟರೆ ನಮ್ಮಲ್ಲಿ ಮದುವೆ ಗಟ್ಟಿಯಾದಂತೆ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅಪ್ಪ ಒಪ್ಪಿದ್ದು ಹೊಳೆಯನ್ನೋ ಅಳಿಯನನ್ನೋ, ಇಂದಿಗೂ ಗೊತ್ತಿಲ್ಲ. ಎಲ್ಲರ ಕೈಗೂ ಸಕ್ಕರೆ ಹಾಕಿ, ಸದ್ದಿಲ್ಲದ ರೇಡಿಯೋದ ಮುಂದೆ ಕೂತು, ಸಣ್ಣ ದನಿಯಲ್ಲಿ ಮಾಸ್ತರರನ್ನು ಕೇಳಿದರು:

"ಆದರ ಅವರು ನಮಗ ಸುಳ್ಳ ಯಾಕ ಹೇಳಿದರ್ರಿ?"